ಪೆಟ್ಟಿಗೆಯಲ್ಲಿ ಹೋದ ದೊರೆ, ಗುರುತಿಲ್ಲದೆ ಹೋದ ಗೋರಿಗಳು

ಹೈದರ್ ಅಲಿಯನ್ನು ಎರಡು ಸಲ ಮಣ್ಣು ಮಾಡಿದರು. ಮೊದಲು ಕೋಲಾರದಲ್ಲಿ, ಅವನ ಅಪ್ಪನ ಗೋರಿ ಇದ್ದಲ್ಲಿ. ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ. ಗುಂಬಜ್ ನೋಡಿ ಬಂದವರಿಗೆ ಎರಡನೆಯದಷ್ಟೇ ಗೊತ್ತಿರುತ್ತದೆ. ಪ್ರವಾಸಿ ಪುಸ್ತಕಗಳೂ ಕೋಲಾರವನ್ನು ಹಾರಿಸಿಬಿಡುತ್ತವೆ. ಆ ಮೊದಲ ಗೋರಿಯ ಸುಳಿವು ನನಗೆ ಸಿಕ್ಕಿದ್ದು ನಮ್ಮ ಸವಣೂರಿನ ನವಾಬರ ಮನೆಯ ಒಂದು ಮದುವೆಯಿಂದ.

ನಮ್ಮ ಊರು ಹಿರೇಬೆಂಡಿಗೇರಿಯವರಿಗೆ ಸವಣೂರು ದೂರದ ಊರಲ್ಲ. ಸವಣೂರ ಎಲೆ, ಸವಣೂರ ಖಾರ ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಮಾತು. ಆ ಊರಿನ ನವಾಬರ ಬೀಗತನಗಳನ್ನು ಒಂದು ಕಡೆ ಬರೆದಿಡಬೇಕೆಂದು ಹೊರಟಿದ್ದೆ. ಮೊದಲು ಹಿಡಿದದ್ದು 1884ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರ್‌ನ ಧಾರವಾಡ ಸಂಪುಟ, ಅದರ ಬೆನ್ನಿಗೆ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸ. ಸವಣೂರಿನ ಅಬ್ದುಲ್ ಹಕೀಂ ಖಾನನನ್ನು ಹೈದರ್ 1764ರಲ್ಲಿ ಯುದ್ಧದಲ್ಲಿ ಸೋಲಿಸಿದ್ದ. ಹದಿನೈದು ವರ್ಷ ಕಳೆದು, 1779ರಲ್ಲಿ, ಅದೇ ಇಬ್ಬರು ಬೀಗರಾದರು. ನವಾಬನ ಹಿರಿಯ ಮಗನಿಗೆ ಹೈದರನ ಮಗಳು; ಹೈದರನ ಎರಡನೆಯ ಮಗ ಅಬ್ದುಲ್ ಕರೀಮನಿಗೆ ನವಾಬನ ಮಗಳು. ಕೊಟ್ಟು ತರುವ ಸಂಬಂಧ. ಅಳಿಯ ಕರೀಮನ ಮುಂದಿನ ಬದುಕು ಏನಾಯಿತೆಂದು ಪುಟ ತಿರುವುತ್ತಾ ಹೋದಾಗ 1782ರ ಡಿಸೆಂಬರ್‌ಗೆ ಬಂದು ನಿಂತೆ. ಅಲ್ಲಿ ಕರೀಮನಿಗಿಂತ ದೊಡ್ಡ ಸಂಗತಿಯೊಂದಿತ್ತು. ಸುಗಂಧದ ಪುಡಿ ತುಂಬಿದ ಒಂದು ಪೆಟ್ಟಿಗೆ, ಅದರೊಳಗೆ ಒಂದು ಶವ.

ಆಗ ಎರಡನೆಯ ಮೈಸೂರು ಯುದ್ಧದ ನಡುಗಾಲ. ಹೈದರನ ದಂಡು ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯಲ್ಲಿ ಬೀಡು ಬಿಟ್ಟಿತ್ತು. ಹೈದರನ ಬೆನ್ನಿಗೆ ಹುಣ್ಣು ಎದ್ದಿತ್ತು. ನಮ್ಮವರು ಅದನ್ನು ರಾಜಹುಣ್ಣು ಎನ್ನುತ್ತಿದ್ದರು. ಹಕೀಮರೂ ವೈದ್ಯರೂ ಫ್ರೆಂಚ್ ಡಾಕ್ಟರರೂ ನೋಡಿದರು, ಗುಣ ಕಾಣಲಿಲ್ಲ. 1782ರ ಡಿಸೆಂಬರ್ 7ರಂದು ಅವನು ತೀರಿಕೊಂಡ. ಹಿರಿಯ ಮಗ ಟಿಪ್ಪು ಆಗ ಮಲಬಾರಿನ ಪೊನ್ನಾನಿಯಲ್ಲಿ ಇಂಗ್ಲಿಷರ ಎದುರು ನಿಂತಿದ್ದ. ಸುದ್ದಿ ಹೊರಬಿದ್ದರೆ ದಂಡು ಚದುರುತ್ತದೆ, ಮದರಾಸಿನ ಇಂಗ್ಲಿಷರು ಮೇಲೇರಿ ಬರುತ್ತಾರೆ. ಮಂತ್ರಿಗಳಾದ ಪೂರ್ಣಯ್ಯ, ಕೃಷ್ಣರಾಯ ಮತ್ತು ಕೆಲವೇ ಕೆಲವು ನಂಬಿಕಸ್ಥರು ಸೇರಿ ಸಾವನ್ನು ಮುಚ್ಚಿಟ್ಟರು. ಶವವನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಸುತ್ತ ಅಬೀರು ತುಂಬಿದರು. ಬೆಲೆಬಾಳುವ ಲೂಟಿಯ ಮಾಲು ಸಾಗಿಸುವಂತೆ ಕಾವಲು ಹಾಕಿ ಅದನ್ನು ಕೋಲಾರಕ್ಕೆ ಕಳಿಸಿದರು. ಇತ್ತ ಬೀಡಿನಲ್ಲಿ ಎಲ್ಲವೂ ಎಂದಿನಂತೆಯೇ ನಡೆಯಿತು. ಸಾಹೇಬರಿಗೆ ಮೈ ಸರಿಯಿಲ್ಲ, ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದ್ದಾರೆ ಎಂದು ಹೇಳುತ್ತಾ ದಂಡನ್ನು ನಡೆಸಿದರು.

ಸವಣೂರಿನ ಅಳಿಯ ಬರುವುದು ಇಲ್ಲಿಯೇ. ಹೈದರನ ದಾಯಾದಿಯೂ ಕುದುರೆ ದಂಡಿನ ನಾಯಕನೂ ಆಗಿದ್ದ ಮಹಮ್ಮದ್ ಅಮೀನ್, ಶಂಸುದ್ದೀನ್ ಬಕ್ಷಿಯ ಜೊತೆ ಸೇರಿ, ಅಬ್ದುಲ್ ಕರೀಮನನ್ನು ಪಟ್ಟಕ್ಕೆ ಕೂರಿಸುವ ಸಂಚು ಹೂಡಿದ. ಕರೀಮ ಬುದ್ಧಿಯಲ್ಲಿ ಮೆದು. ಅವನನ್ನು ಕೂರಿಸಿದರೆ ಆಳುವವರು ತಾವೇ ಎಂಬ ಲೆಕ್ಕ. ಸಂಚು ಬಯಲಾಯಿತು. ಮಂತ್ರಿಗಳು ಅವರನ್ನು ಹಿಡಿದು ಬೇಡಿ ಹಾಕಿಸಿದರು. ಹಾಕಿಸಿದ್ದು ಯಾರ ಅಪ್ಪಣೆಯಿಂದ ಎಂದರೆ, ಹೈದರನ ಅಪ್ಪಣೆಯಿಂದ! ಸತ್ತವನ ಹೆಸರಿನಲ್ಲಿ ಹುಕುಂ ಹೊರಟಿತು, ಬದುಕಿದ್ದ ಸಂಚುಕೋರರು ಬಂದಿಗಳಾದರು. ಡಿಸೆಂಬರ್ 11ಕ್ಕೆ ಪೊನ್ನಾನಿಯಲ್ಲಿ ಟಿಪ್ಪುವಿಗೆ ಸುದ್ದಿ ಮುಟ್ಟಿತು. ಮರುದಿನವೇ ಅವನು ಹೊರಟ. ಇತ್ತ ಮದರಾಸಿನಲ್ಲಿ ಗವರ್ನರ್ ಮೆಕಾರ್ಟ್ನಿ ಒತ್ತಾಯ ಮಾಡಿದರೂ ಜನರಲ್ ಸ್ಟುವರ್ಟ್ ಕದಲಲಿಲ್ಲ. ಹೊಸ ವರ್ಷ ಹುಟ್ಟುವ ಹೊತ್ತಿಗೆ ಟಿಪ್ಪು ತಂದೆಯ ದಂಡನ್ನು ಕೂಡಿಕೊಂಡ. ನಮ್ಮ ಸವಣೂರಿನ ನವಾಬನ ಅಳಿಯ ಮೈಸೂರಿನ ದೊರೆಯಾಗುವುದು ತಪ್ಪಿದ್ದು ಆ ನಾಲ್ಕಾರು ದಿನಗಳಲ್ಲಿ, ಆ ಪೆಟ್ಟಿಗೆಯ ಮುಚ್ಚಳ ಭದ್ರವಾಗಿದ್ದುದರಿಂದ. ನಾಲ್ಕು ವರ್ಷಕ್ಕೆ, 1786ರಲ್ಲಿ, ಟಿಪ್ಪುವಿನ ದಂಡೇ ಸವಣೂರಿಗೆ ನುಗ್ಗಿತು. ಅಬ್ದುಲ್ ಹಕೀಂ ಖಾನ ಮರಾಠರ ಆಸರೆಗೆ ಹೋದ. ಬೀಗತನದ ಪಟ್ಟಿಯನ್ನು ಅಲ್ಲಿಗೇ ಪಕ್ಕಕ್ಕಿಟ್ಟು ನಾನು ಪೆಟ್ಟಿಗೆಯ ಬೆನ್ನು ಹತ್ತಿದೆ.

ಇದೆಲ್ಲ ಒಬ್ಬ ಇಂಗ್ಲಿಷ್ ಅಧಿಕಾರಿಯ ಬರಹ, ಅದನ್ನು ಎಷ್ಟು ನಂಬುವುದು ಎಂಬ ಪ್ರಶ್ನೆ ಇದ್ದೇ ಇದೆ. ಹೈದರ್–ಟಿಪ್ಪುಗಳ ಮೇಲೆ ವಿಲ್ಕ್ಸ್‌ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ; ಅವನ ಗುಣದೋಷದ ತೀರ್ಪುಗಳನ್ನು ನಾನು ದೂರವೇ ಇಡುತ್ತೇನೆ. ಆದರೆ ಈ ಒಂದು ಪ್ರಸಂಗದಲ್ಲಿ ಅವನನ್ನು ನಂಬಲು ಕಾರಣವಿದೆ. ಪೂರ್ಣಯ್ಯ ಮೈಸೂರಿನ ದಿವಾನನಾಗಿದ್ದ ಕಾಲದಲ್ಲೇ ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ. ಪೆಟ್ಟಿಗೆ ಕಳಿಸಿದವನೂ ಅದನ್ನು ಬರೆದವನೂ ಒಂದೇ ಕಾಲದಲ್ಲಿ, ಒಂದೇ ರಾಜ್ಯದಲ್ಲಿ ಇದ್ದವರು. ಹತ್ತಿರದ ಸಾಕ್ಷಿ ಎಂದರೆ ಇದಕ್ಕಿಂತ ಹತ್ತಿರ ಇನ್ನೇನು ಬೇಕು? ಶವ ಮೊದಲು ಕೋಲಾರದಲ್ಲಿ ತಂದೆಯ ಗೋರಿಯ ಬಳಿ ಇತ್ತು, ಆಮೇಲೆ ಟಿಪ್ಪು ಅದನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದ ಎಂದು ವಿಲ್ಕ್ಸ್ ಖಚಿತವಾಗಿ ಹೇಳುತ್ತಾನೆ.

ಕೋಲಾರ ಯಾಕೆ ಎಂಬುದಕ್ಕೆ ಉತ್ತರ ಸುಲಭ. ಹೈದರ್ ಹುಟ್ಟಿದ್ದು ಆ ಸೀಮೆಯ ಬೂದಿಕೋಟೆಯಲ್ಲಿ. ಅವನ ಅಪ್ಪ ಫತೇ ಮಹಮ್ಮದ್ ಸಿರಾದ ಸುಬೇದಾರರ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದವನು. ಹೈದರ್ ಇನ್ನೂ ಹುಡುಗನಾಗಿದ್ದಾಗ ಯುದ್ಧದಲ್ಲಿ ಸತ್ತ. ಕೋಲಾರದಲ್ಲಿ ಆ ಮನೆತನದ ಮಕ್ಬರ ಇದೆ. ಬಿ.ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರ್‌ನಲ್ಲಿ ಕೋಲಾರದ ಮುಖ್ಯ ಕಟ್ಟಡಗಳನ್ನು ಹೆಸರಿಸುವಾಗ ಕೋಲಾರಮ್ಮನ ಗುಡಿಯ ಜೊತೆಗೇ ಈ ಮಕ್ಬರವನ್ನೂ ಹೆಸರಿಸುತ್ತಾನೆ. ಚಿತ್ತೂರಿನಿಂದ ಶ್ರೀರಂಗಪಟ್ಟಣದ ದಾರಿಯಲ್ಲಿ ಕೋಲಾರ ಮೊದಲೇ ಸಿಗುತ್ತದೆ. ಗುಟ್ಟು ಕಾಯಬೇಕಾದವರಿಗೆ ಇದಕ್ಕಿಂತ ಅನುಕೂಲದ ಜಾಗವಿರಲಿಲ್ಲ. ಹತ್ತಿರ, ತಮ್ಮದೇ, ಮೇಲಾಗಿ ಅಪ್ಪನ ಪಕ್ಕ.

ಗುಂಬಜ್‌ನ ಕೆಲಸ ಮುಗಿದದ್ದು 1784ರ ಸುಮಾರಿಗೆ. ಮಂಗಳೂರು ಒಪ್ಪಂದವಾಗಿ ಯುದ್ಧ ನಿಂತದ್ದೂ ಅದೇ ವರ್ಷದ ಮಾರ್ಚ್‌ನಲ್ಲಿ. ಎತ್ತರದ ಜಗಲಿ, ಸುತ್ತಲೂ ನುಣುಪು ಮಾಡಿದ 36 ಕಪ್ಪು ಕಂಬ, ಒಳಗೋಡೆಗೆ ಹುಲಿಪಟ್ಟೆಯ ಬಣ್ಣ. ದಂತದ ಕುಸುರಿಯಿರುವ ಬಾಗಿಲುಗಳು ಆಮೇಲಿನವು, ಲಾರ್ಡ್ ಡಾಲ್‌ಹೌಸಿ ಕೊಟ್ಟವು. ಒಳಗೆ ನಡುವೆ ಹೈದರ್, ಒಂದು ಪಕ್ಕ ಟಿಪ್ಪುವಿನ ತಾಯಿ ಫಾತಿಮಾ, ಇನ್ನೊಂದು ಪಕ್ಕ 1799ರ ಮೇ 5ರಂದು ಮಣ್ಣಾದ ಟಿಪ್ಪು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಅಲ್ಲಿಯ ಪಾರ್ಸಿ ಶಾಸನ. ದೊಡ್ಡವರು ಸತ್ತ ವರ್ಷವನ್ನು ಅಂಕಿಯಲ್ಲಿ ಬರೆಯದೆ ಅಕ್ಷರಗಳಲ್ಲಿ ಅಡಗಿಸುವ ಪದ್ಧತಿ ಪಾರ್ಸಿಯಲ್ಲಿದೆ. ಪ್ರತಿ ಅಕ್ಷರಕ್ಕೂ ಒಂದು ಬೆಲೆ; ಕೂಡಿದರೆ ಹಿಜರಿ ವರ್ಷ. ನಮ್ಮ ಶಾಸನಗಳಲ್ಲಿ ಕಣ್ಣು, ಸಮುದ್ರ, ಬಾಣಗಳಿಂದ ಶಕವರ್ಷ ಹೇಳುವ ಹಾಗೆ. ಗುಂಬಜ್‌ನ ಶಾಸನದಲ್ಲಿ ಸತ್ತವನ ಹೆಸರೇ ಸತ್ತ ವರ್ಷ: ಹೈದರ್ ಅಲಿ ಖಾನ್ ಬಹಾದುರ್. ಕಾಗದ ತೆಗೆದುಕೊಂಡು ಕೂಡಿದೆ. ಹೈದರ್‌ಗೆ 8, 10, 4, 200, ಒಟ್ಟು 222. ಅಲಿಗೆ 70, 30, 10, 110. ಖಾನ್‌ಗೆ 600, 1, 50, 651. ಬಹಾದುರ್‌ಗೆ 2, 5, 1, 4, 200, 212. ಎಲ್ಲ ಸೇರಿ 1195.

ಹಿಜರಿ 1195 ಮುಗಿದದ್ದು ಕ್ರಿ.ಶ. 1781ರ ಡಿಸೆಂಬರ್ ನಡುವಿನಲ್ಲಿ. 1782ರ ಡಿಸೆಂಬರ್ 7 ಎಂದರೆ ಹಿಜರಿ 1197ರ ಮುಹರ್ರಂ ಒಂದನೇ ತಾರೀಖು. ಕಲ್ಲಿನ ಲೆಕ್ಕಕ್ಕೂ ಕಾಗದದ ಲೆಕ್ಕಕ್ಕೂ ಹೊಂದುವುದಿಲ್ಲ. ಮೊದಲು ಕಾಗದವನ್ನೇ ಶಂಕಿಸಿದೆ. ಕಲ್ಲು ಸುಳ್ಳಾಡುವುದಿಲ್ಲ ಎಂಬುದು ಶಾಸನ ಓದುವವರ ರೂಢಿಯ ನಂಬಿಕೆ. ಆದರೆ 1195 ಎಂಬ ಆ ವರ್ಷದೊಳಗೆ ಹೈದರ್ ಏನು ಮಾಡುತ್ತಿದ್ದ ಎಂದು ನೋಡಿದರೆ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ. 1781ರ ಜುಲೈ 1ರಂದು ಪೋರ್ಟೊನೋವೊದಲ್ಲಿ, ಆಗಸ್ಟ್ 27ರಂದು ಪೊಳ್ಳಿಲೂರಿನಲ್ಲಿ, ಸೆಪ್ಟೆಂಬರ್ 27ರಂದು ಷೋಳಿಂಗೂರಿನಲ್ಲಿ ಅವನು ಇಂಗ್ಲಿಷ್ ಸೇನಾಪತಿ ಐರ್ ಕೂಟ್‌ನ ಎದುರು ಕಾದಾಡುತ್ತಿದ್ದ. ಆ ವರ್ಷ ಮುಗಿದ ಮೇಲೂ ಒಂದು ವರ್ಷ ಬದುಕಿದ್ದ. ಹೆಸರೇ ವರ್ಷವಾಗಿ ಒದಗುತ್ತದೆ ಎಂಬ ಚೆಲುವಿಗೆ ಸೋತ ಕವಿ ಒಂದೆರಡು ವರ್ಷದ ಕೊರತೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದೇ ನನ್ನ ತೀರ್ಮಾನ. ಇಲ್ಲಿ ತಪ್ಪಿರುವುದು ಕಲ್ಲು. ಶಾಸನವೊಂದನ್ನೇ ನೆಚ್ಚಿಕೊಂಡು ಬರೆದರೆ ಹೈದರನನ್ನು ಅವನ ಕೊನೆಯ ವರ್ಷಕ್ಕೆ ಮೊದಲೇ ಸಾಯಿಸಬೇಕಾಗುತ್ತದೆ.

ದೊರೆಯ ಗೋರಿ ಸ್ಥಳ ಬದಲಿಸಿದರೂ ದಾರಿ ಕಾಣುತ್ತದೆ: ಹೊರಟ ಊರು, ತಂಗಿದ ಊರು, ಸೇರಿದ ಊರು, ಮೂರಕ್ಕೂ ಬರಹವಿದೆ. ಸಾಮಾನ್ಯರ ಗೋರಿಗಳ ಕತೆ ಬೇರೆ. ಅದು ತಿಳಿಯಬೇಕಾದರೆ ಬೆಂಗಳೂರಿಗೆ ಬರಬೇಕು.

1791ರ ಮಾರ್ಚ್‌ನಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಬೆಂಗಳೂರನ್ನು ಮುತ್ತಿದ. 7ನೇ ತಾರೀಖು ಪೇಟೆ ಬಿತ್ತು, 21ರ ರಾತ್ರಿ ಕೋಟೆ ಬಿತ್ತು. ಸತ್ತ ಇಂಗ್ಲಿಷ್ ಅಧಿಕಾರಿಗಳನ್ನು ಕೋಟೆಯ ಹೊರಗೆ ಮಣ್ಣು ಮಾಡಿದರು. ಬೆಂಗಳೂರಿನ ಮೊದಮೊದಲ ಯುರೋಪಿಯನ್ ಗೋರಿತೋಟ ಅದೇ. ದಂಡಿನ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಅದನ್ನು ಬರೆದುಕೊಂಡು 1794ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ತನ್ನ ಮೈಸೂರು ದೃಶ್ಯಗಳ ಪುಸ್ತಕದಲ್ಲಿ ಸೇರಿಸಿದ. ಕ್ಯಾಪ್ಟನ್‌ಗಳಾದ ಜೇಮ್ಸ್ ಸ್ಮಿತ್, ಜೇಮ್ಸ್ ವಿಲಿಯಮ್ಸನ್, ನಥಾನಿಯಲ್ ಡಾಸ್ ಮುಂತಾದವರ ಗೋರಿಗಳು ಆ ಚಿತ್ರದಲ್ಲಿವೆ. ನೂರು ವರ್ಷ ಅದು ಉಳಿಯಿತು. 1895ರಲ್ಲಿ ಮೈಸೂರು ಸರ್ಕಾರವೇ ಸುತ್ತ ಗೋಡೆ ಕಟ್ಟಿ ಬಾಗಿಲು ಇರಿಸಿತು. ತಮ್ಮ ನೆಲವನ್ನು ಮುತ್ತಿದವರ ಗೋರಿಗಳಿಗೆ ಮೈಸೂರಿನವರು ಕಾವಲು ಹಾಕಿದ್ದು ಸಣ್ಣ ಮಾತಲ್ಲ. 1912ರಲ್ಲಿ ಮದರಾಸಿನ ಚರ್ಚುಗಳ ಇತಿಹಾಸ ಬರೆದ ಪಾದ್ರಿ ಫ್ರಾಂಕ್ ಪೆನ್ನಿ, ಕೋಟೆ ಚರ್ಚಿನ ಆಚೆಗೆ ಸೊಟ್ಟ ಚೌಕದ ಆಕಾರದ ಆ ಜಾಗ, ಅದರೊಳಗಿನ ಸೈಪ್ರೆಸ್ ಮರಗಳು, ಗುಲಾಬಿ ಗಿಡಗಳು, ಸರ್ಕಾರ ಅದನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದುದು ಎಲ್ಲವನ್ನೂ ದಾಖಲಿಸಿದ್ದಾನೆ.

ಇವತ್ತು ಅದರ ಒಂದು ಕಲ್ಲೂ ಅಲ್ಲಿಲ್ಲ. ಕೋಟೆ ಚರ್ಚೂ ಇಲ್ಲ. ವಾಣಿವಿಲಾಸ ಆಸ್ಪತ್ರೆ ಕಟ್ಟುವಾಗ ಅದು ಜಾಗ ಬಿಟ್ಟುಕೊಟ್ಟಿತು, ಬದಲಿಗೆ ಚಾಮರಾಜಪೇಟೆಯಲ್ಲಿ ಸೇಂಟ್ ಲ್ಯೂಕ್ಸ್ ಚರ್ಚ್ ಎದ್ದಿತು. ಚರ್ಚಿಗಾದರೆ ಹೋದ ಜಾಗವೂ ಬಂದ ಜಾಗವೂ ಇದೆ. ಗೋರಿಗಳಿಗೆ ಹೋದದ್ದಷ್ಟೇ ಇದೆ.

ಆ ಯುದ್ಧದಲ್ಲಿ ಸತ್ತವರ ನೆನಪಿಗೆಂದು 35 ಅಡಿಯ ಕಲ್ಲಿನ ಸ್ತಂಭವೊಂದು ಈಗಿನ ಪಾಲಿಕೆ ಕಚೇರಿಯ ಎದುರು ನಿಂತಿತ್ತು. ಒಳಗೆ ಶವವಿಲ್ಲದ, ಹೆಸರು ಮಾತ್ರ ಹೊತ್ತ ಸ್ತಂಭ, ಸೆನೋಟಾಫ್ ಎನ್ನುತ್ತಿದ್ದರು. ನೃಪತುಂಗ ರಸ್ತೆಗೆ ಆಗ ಅದರದೇ ಹೆಸರು. ಗೋರಿತೋಟ ಹೋದರೂ ಹೆಸರುಗಳು ಸ್ತಂಭದಲ್ಲಾದರೂ ಉಳಿಯಬಹುದಿತ್ತು. 1964ರ ಅಕ್ಟೋಬರ್ 28ರಂದು ನಗರಪಾಲಿಕೆ ಅದನ್ನು ಕೆಡವಿತು. ಕನ್ನಡ ಚಳವಳಿಗಾರರು ಅದನ್ನು ದಾಸ್ಯದ ಗುರುತೆಂದು ತೆಗೆಸಬೇಕೆಂದು ಹೋರಾಡಿದ್ದರು. ಇವತ್ತು ಆ ವೃತ್ತದಲ್ಲಿ ಕೆಂಪೇಗೌಡರ ಪ್ರತಿಮೆ ಇದೆ. ಊರು ಕಟ್ಟಿದವರು ಅಲ್ಲಿ ನಿಂತದ್ದು ಸರಿಯೇ. ಬೆಂಗಳೂರಿನ ನಡುಮಧ್ಯದಲ್ಲಿ ಗೆದ್ದವರ ಕಂಬ ನಿಲ್ಲಬೇಕಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಕಂಬ ಕೆಡವುವ ಮುಂಚೆ ಅದನ್ನು ಬಿಚ್ಚಿ ವಸ್ತುಸಂಗ್ರಹಾಲಯದ ಅಂಗಳಕ್ಕೆ ಸಾಗಿಸುವುದು ಆಗದ ಕೆಲಸವಾಗಿರಲಿಲ್ಲ. ಕಬ್ಬನ್ ಉದ್ಯಾನದ ಸರ್ಕಾರಿ ವಸ್ತುಸಂಗ್ರಹಾಲಯ ಅಲ್ಲಿಂದ ಕೂಗಳತೆಯಲ್ಲಿದೆ. ಸೋತವರ ನೋವಿನ ಕತೆ ಹೇಳುವುದಕ್ಕೂ ಗೆದ್ದವರ ಕಲ್ಲು ಬೇಕಾಗುತ್ತದೆ.

ಇದೇ ಮುತ್ತಿಗೆಯಲ್ಲಿ ಸತ್ತ ಇನ್ನೊಬ್ಬನ ಗೋರಿ ಮಾತ್ರ ಕದಲಲಿಲ್ಲ. ಕೋಟೆಯ ಕಿಲ್ಲೇದಾರ ಬಹಾದುರ್ ಖಾನ್, ಬಿಳಿಗಡ್ಡದ ಮುದುಕ, ಕೋಟೆ ಬಿದ್ದ ರಾತ್ರಿ ಕಾದಾಡುತ್ತಲೇ ಸತ್ತ. ಕಾರ್ನ್‌ವಾಲಿಸ್ ಅವನ ಶವವನ್ನು ಟಿಪ್ಪುವಿಗೆ ಕಳಿಸಿಕೊಡುವುದಾಗಿ ಹೇಳಿಸಿದ. ತಂದೆಯ ಶವವನ್ನು ಕೋಲಾರದಿಂದ ಎತ್ತಿಸಿ ತಂದಿದ್ದ ಟಿಪ್ಪು ಈ ಸಲ ಬೇಡವೆಂದ; ಬಿದ್ದ ಜಾಗದಲ್ಲೇ ಮಣ್ಣಾಗುವುದು ಸಿಪಾಯಿಗೆ ಸಲ್ಲುವ ಗೌರವ ಎಂಬುದು ಅವನ ಉತ್ತರದ ಸಾರ. ಬೆಂಗಳೂರಿನ ಮುಸಲ್ಮಾನರು ಅವನನ್ನು ಅಲ್ಲೇ ಮಣ್ಣು ಮಾಡಿದರು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ, ಹೂವಿನ ಮೂಟೆ, ತಳ್ಳುಗಾಡಿ, ಬಸ್ಸಿನ ಗದ್ದಲದ ನಡುವೆ ಅವನ ದರ್ಗಾ ಈಗಲೂ ಇದೆ. ಸರ್ಕಾರ ಗೋಡೆ ಕಟ್ಟಿ ಕಾಯ್ದ ಗೋರಿತೋಟ ಹೋಯಿತು; ಜನ ನಡೆದುಕೊಳ್ಳುವ ಗೋರಿ ಉಳಿಯಿತು. ಕೋಲಾರದ ಮಕ್ಬರ, ಮಾರುಕಟ್ಟೆಯ ದರ್ಗಾ, ನಮ್ಮ ಕಡೆಯ ಮಠಗಳ ಗದ್ದಿಗೆ, ಯಾವುದನ್ನು ನೋಡಿದರೂ ದೀಪ ಹಚ್ಚುವವರು ಇದ್ದಲ್ಲಿ ಕಲ್ಲು ನಿಂತಿದೆ. ಇಂಗ್ಲಿಷ್ ಕ್ಯಾಪ್ಟನ್‌ಗಳಿಗೆ ಬೆಂಗಳೂರಿನಲ್ಲಿ ಅಂಥವರು ಯಾರೂ ಇರಲಿಲ್ಲ. ಅವರಿಗೆ ಉಳಿದಿರುವುದು ಹೋಮ್ ಬರೆದ ಒಂದು ಚಿತ್ರ, ಪೆನ್ನಿ ಬರೆದ ಕೆಲವು ಸಾಲು.

ಈ ಹುಡುಕಾಟ ಮುಗಿಸಿ ಊರಿಗೆ ಬಂದ ಮೇಲೆ ನಮ್ಮ ಹೊಲಗಳನ್ನು ನೋಡುವ ಕಣ್ಣೇ ಬದಲಾಗಿದೆ. ನಮ್ಮ ಕಡೆ ಲಿಂಗಾಯತರು, ಮುಸಲ್ಮಾನರು, ಇನ್ನೂ ಎಷ್ಟೋ ಜಾತಿಯವರು ಹೂಳುವವರೇ. ಊರ ಹೊರಗಿನ ರುದ್ರಭೂಮಿ, ಖಬರಸ್ತಾನಗಳಿಗೆ ಪಹಣಿಯಲ್ಲಿ ಸರ್ವೆ ನಂಬರಾದರೂ ಇರುತ್ತದೆ. ಸ್ವಂತ ಹೊಲದ ಬದುವಿನಲ್ಲಿ ಅಜ್ಜ ಮುತ್ತಜ್ಜರನ್ನು ಮಣ್ಣು ಮಾಡಿದ ಜಾಗಕ್ಕೆ ಅದೂ ಇರುವುದಿಲ್ಲ. ಒಂದು ಕಟ್ಟೆ, ಒಂದು ಬೇವಿನ ಗಿಡ, ಅಷ್ಟೇ ಗುರುತು. ಶಿಗ್ಗಾವಿ, ಬಂಕಾಪುರದ ಮಗ್ಗುಲಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಅಗಲವಾಗುತ್ತಲೇ ಬಂದಿದೆ. ನಮ್ಮ ಜಿಲ್ಲೆಯಲ್ಲಿ ತುಂಗಾ ಮೇಲ್ದಂಡೆಯ ಕಾಲುವೆ ಹರಿದಿದೆ. ಹೊಲ ಪ್ಲಾಟಾಗುತ್ತಿದೆ. ಭೂಮಿ ಹೋದರೆ ಪರಿಹಾರದ ಕಾಗದ ಬರುತ್ತದೆ, ಅದರಲ್ಲಿ ಎಕರೆ, ಗುಂಟೆ, ಬಾವಿ, ಮಾವಿನ ಮರ ಎಲ್ಲಕ್ಕೂ ಕಲಮು ಇರುತ್ತದೆ. ಬದುವಿನ ಸಮಾಧಿಯಲ್ಲಿ ಮಲಗಿದವರ ಹೆಸರಿಗೆ ಮಾತ್ರ ಕಲಮಿಲ್ಲ. ಹಾನಗಲ್ಲು, ಹಿರೇಕೆರೂರು, ಸವಣೂರಿನ ಊರೂರಲ್ಲಿ ಕಾಣುವ ವೀರಗಲ್ಲು, ಮಾಸ್ತಿಕಲ್ಲುಗಳ ಪಾಡೂ ಇಷ್ಟೇ. ಗುಡಿಯ ಜೀರ್ಣೋದ್ಧಾರಕ್ಕೆ, ರಸ್ತೆಗೆ, ಚರಂಡಿಗೆ ಎಂದು ಕಲ್ಲು ಎತ್ತಿದ ಮೇಲೆ ಅದು ಯಾವ ಹೊಲದ್ದು, ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂದು ಕೇಳಿದರೆ ಹೇಳುವವರಿಲ್ಲ. ಎಲ್ಲಿದ್ದ ಕಲ್ಲೆಂದು ತಿಳಿಯದಿದ್ದರೆ ಅದರ ಅರ್ಧ ಇತಿಹಾಸ ಅಲ್ಲಿಗೇ ಮುಗಿಯಿತು.

ಕಲ್ಲನ್ನು ಎಂದೂ ಸರಿಸಬಾರದು ಎಂದು ನಾನು ಹೇಳುವುದಿಲ್ಲ. ಹೈದರನಂಥ ಹೈದರನನ್ನೇ ಸರಿಸಿದ್ದಾರೆ. ಸರಿಸುವ ಮುಂಚೆ ಬರೆದಿಡಿ ಎಂಬುದಷ್ಟೇ ನನ್ನ ಕೇಳಿಕೆ. ನಿಮ್ಮ ಹೊಲದಲ್ಲಿ, ಊರ ಮುಂದೆ, ಗುಡಿಯ ಹಿಂದೆ ಇರುವ ಸಮಾಧಿ, ಗೋರಿ, ವೀರಗಲ್ಲುಗಳ ಫೋಟೊ ತೆಗೆಯಿರಿ. ಅದಿರುವ ಜಮೀನಿನ ಸರ್ವೆ ನಂಬರು, ಅದು ಯಾರದೆಂದು ಮನೆಯ ಹಿರಿಯರು ಹೇಳುವ ಹೆಸರು, ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು, ಸರಿಸಿದ್ದರೆ ಎಲ್ಲಿಂದ ಎಲ್ಲಿಗೆ, ಯಾವ ತಾರೀಖು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಪ್ರತಿಯನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಗ್ರಾಮ ಪಂಚಾಯ್ತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಕ್ಷರವಿರುವ ಕಲ್ಲಾದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಒಂದು ಪ್ರತಿ ಹೋಗಲಿ. ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಈ ಬೇಸಿಗೆಯಲ್ಲೇ ಕೇಳಿಬಿಡಿ.